ಅಂಟಿಕೊಂಡ ಸೀಟ್‌ಪೋಸ್ಟು, ಸೊಟ್ಟ ಹ್ಯಾಂಗರು: ಹಳೇ ಅಲ್ಯೂಮಿನಿಯಂ ಹಾರ್ಡ್‌ಟೇಲ್ ರಿಪೇರಿ ಆದದ್ದು

"ಅಲ್ಯೂಮಿನಿಯಂ ಫ್ರೇಮು ಮಾರಾಯ್ರೆ, ತುಕ್ಕು ಹಿಡಿಯೋ ಪ್ರಶ್ನೆನೇ ಇಲ್ಲ" ಅಂತ ಹೇಳಿಯೇ ಮಾರಿದರು. ಮಾತು ಸುಳ್ಳಲ್ಲ. ತೀರ್ಥಹಳ್ಳಿ ಕಡೆಯ ಮನೆಯೊಂದರ ಕೊಟ್ಟಿಗೆ ಪಕ್ಕ ಎಷ್ಟೋ ಮಳೆಗಾಲ ನಿಂತಿದ್ದ ಸೈಕಲ್ಲು ಅದು. ಚೈನು, ಕೇಬಲ್ಲು, ಬೋಲ್ಟು ಎಲ್ಲ ಕೆಂಪಾಗಿದ್ದರೂ ಫ್ರೇಮಿನ ಮೇಲೆ ಒಂದು ಚುಕ್ಕೆ ತುಕ್ಕಿಲ್ಲ. ಆದರೆ ಸೀಟು ಹೊರುವ ಕಂಬ, ಅಂದರೆ ಸೀಟ್‌ಪೋಸ್ಟು, ಫ್ರೇಮಿನೊಳಗೆ ಅಂಟಿಕೊಂಡಿತ್ತು. ಸೀಟು ಮೇಲೂ ಬರಲಿಲ್ಲ, ಕೆಳಗೂ ಹೋಗಲಿಲ್ಲ, ಪಕ್ಕಕ್ಕೂ ತಿರುಗಲಿಲ್ಲ. ಅಲ್ಯೂಮಿನಿಯಂ ಸೈಕಲ್ಲುಗಳು ನಮ್ಮ ಕಡೆ ಹಾಳಾಗುವುದೇ ಹೀಗೆ. ತುಕ್ಕು ಹಿಡಿಯಲ್ಲ ಅನ್ನುವ ಧೈರ್ಯದಲ್ಲಿ ಯಾರೂ ಗ್ರೀಸ್ ಹಚ್ಚುವುದಿಲ್ಲ.

ಗಾಡಿ ಇಷ್ಟು: 26 ಇಂಚಿನ ಚಕ್ರ, ಮುಂದೆ 80 ಮಿ.ಮೀ. ಕುಗ್ಗುವ ಸ್ಪ್ರಿಂಗ್ ಫೋರ್ಕು, ಹಿಂದೆ ಸಸ್ಪೆನ್ಶನ್ ಇಲ್ಲ (ಹಾರ್ಡ್‌ಟೇಲ್ ಅನ್ನುವುದು ಇದಕ್ಕೇ), ಮೂರು ಎಂಟಲೆ ಇಪ್ಪತ್ತನಾಲ್ಕು ಗೇರು, ವಿ-ಬ್ರೇಕು. ಕಂಪನಿ ಹೆಸರಿನ ಸ್ಟಿಕರ್ ಅರ್ಧ ಕಿತ್ತು ಹೋಗಿದೆ, ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬಿನ ಮೇಲೆ "6061 ಟಿ6" ಅನ್ನುವುದು ಮಾತ್ರ ಉಳಿದಿದೆ. ನನಗೆ ಬೇಕಿದ್ದದ್ದೂ ಅದೇ. ಅಡಿಕೆ ತೂಗುವ ನೇತಾಡಿಸುವ ತಕ್ಕಡಿಗೆ ಹಾಕಿದರೆ 14.3 ಕೆ.ಜಿ. ಹಗುರ ಸೈಕಲ್ಲು ಅಂತ ತಂದವನಿಗೆ ಇದು ಹಗುರ ಅನ್ನಿಸಲಿಲ್ಲ. ಆದರೆ ಆ ತೂಕದಲ್ಲಿ ಫ್ರೇಮಿನ ಪಾಲು ಕಡಿಮೆ. ಮೇಲೆ ಹೇರಿದ್ದ ಸಾಮಾನಿನ ಪಾಲೇ ಜಾಸ್ತಿ.

6061 ಅಂದರೆ ಮೆಗ್ನೀಸಿಯಂ ಮತ್ತು ಸಿಲಿಕಾನ್ ಬೆರೆಸಿದ ಅಲ್ಯೂಮಿನಿಯಂ. ಟಿ6 ಅಂದರೆ ಅದನ್ನು 530 ಡಿಗ್ರಿ ಆಸುಪಾಸಿಗೆ ಕಾಯಿಸಿ, ತಟ್ಟನೆ ತಣಿಸಿ, ಆಮೇಲೆ 175 ಡಿಗ್ರಿ ಹತ್ತಿರ ಹಲವು ಗಂಟೆ ಇಟ್ಟು ಗಟ್ಟಿ ಮಾಡಿದ್ದು. ಉಕ್ಕಿಗೆ ಹೋಲಿಸಿದರೆ ಅಲ್ಯೂಮಿನಿಯಂ ತೂಕವೂ ಮೂರನೇ ಒಂದು ಭಾಗ, ಬಾಗದೆ ನಿಲ್ಲುವ ಬಿಗುವೂ ಸುಮಾರು ಮೂರನೇ ಒಂದು ಭಾಗ. ಅದಕ್ಕೇ ಕೊಳವೆಯನ್ನು ದಪ್ಪ ಮಾಡಿ, ಗೋಡೆಯನ್ನು ತೆಳು ಮಾಡುತ್ತಾರೆ. ವ್ಯಾಸ ಹೆಚ್ಚಿದಷ್ಟೂ ಬಿಗುವು ಹಲವು ಪಟ್ಟು ಏರುತ್ತದೆ. 1970ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಗ್ಯಾರಿ ಕ್ಲೈನ್ ಮತ್ತು ಜೊತೆಗಾರರು ಹಿಡಿದ ದಾರಿ ಇದು. 1983ರಲ್ಲಿ ಕ್ಯಾನಂಡೇಲ್ ದಪ್ಪ ಕೊಳವೆಯ ಸೈಕಲ್ಲನ್ನು ಮಾರುಕಟ್ಟೆಗೆ ತಂದಿತು. ನನ್ನ ಫ್ರೇಮಿನ ಡೌನ್ ಟ್ಯೂಬಿನ (ಹ್ಯಾಂಡಲ್ಲಿನಿಂದ ಪೆಡಲ್ಲಿನ ಕಡೆ ಇಳಿಯುವ ಕೊಳವೆ) ನಡುಭಾಗವನ್ನು ಉಗುರಿನಿಂದ ತಟ್ಟಿದರೆ ಖಾಲಿ ಬಿಸ್ಕತ್ ಡಬ್ಬಿಯ ಸದ್ದು ಬರುತ್ತದೆ. ತುದಿಗಳ ಹತ್ತಿರ ತಟ್ಟಿದರೆ ಸದ್ದು ಮೊಂಡಾಗುತ್ತದೆ, ಅಲ್ಲಿ ಗೋಡೆ ದಪ್ಪ. ಇಷ್ಟು ತೆಳುವಾದ ಕೊಳವೆಗೆ ಹಿಂದಿನವರು ಏನು ಮಾಡಿದ್ದರು ನೋಡಿ.

ಸೈಡ್ ಸ್ಟ್ಯಾಂಡ್ ಹಾಕಿಸಿದ್ದರು. ಪೆಡಲ್ಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಕೊಳವೆ ಚೈನ್‌ಸ್ಟೇ. ಅದಕ್ಕೆ ಎರಡು ತಗಡಿನ ಕ್ಲಾಂಪು ಇಟ್ಟು ಪಾನಾದಲ್ಲಿ ತಿರುಗುವಷ್ಟೂ ಬಿಗಿದಿದ್ದರು. ಕ್ಲಾಂಪು ಬಿಚ್ಚಿದಾಗ ಕೊಳವೆಯ ಎರಡೂ ಬದಿ ತಗ್ಗು. ಹಿಂದೆ ಕ್ಯಾರಿಯರ್ ಬೇರೆ, ಅದೂ ಸೀಟಿನ ಕೆಳಗಿನಿಂದ ಹಿಂದಿನ ಚಕ್ರಕ್ಕೆ ಇಳಿಯುವ ಸೀಟ್‌ಸ್ಟೇಗೆ ಕ್ಲಾಂಪಿನಲ್ಲೇ. ಉಕ್ಕಿನ ಅಟ್ಲಾಸು, ಹೀರೋಗಳಿಗೆ ಇದೆಲ್ಲ ನಡೆಯುತ್ತೆ, ಅವುಗಳ ಕೊಳವೆಗೆ ಇಂಥ ಹಿಡಿತ ಲೆಕ್ಕವೇ ಅಲ್ಲ. ಅಲ್ಯೂಮಿನಿಯಂ ಎಂಟಿಬಿಗೆ (ಮೌಂಟನ್ ಬೈಕಿಗೆ) ಸ್ಟ್ಯಾಂಡ್ ಬೇಕೇ ಬೇಕು ಅನ್ನುವವರು ಹಿಂದಿನ ಚಕ್ರದ ಎಕ್ಸೆಲ್ಲು ಕೂರುವ ಡ್ರಾಪ್‌ಔಟ್ ಹತ್ತಿರ ಅದಕ್ಕೆಂದೇ ತೂತು ಕೊಟ್ಟಿರುವ ಫ್ರೇಮು ಕೊಳ್ಳಲಿ. ಇಲ್ಲದಿದ್ದರೆ ಗೋಡೆಗೆ ಒರಗಿಸಲಿ. ನನ್ನ ಅದೃಷ್ಟಕ್ಕೆ ತಗ್ಗು ಆಳವಿರಲಿಲ್ಲ, ಅಂಚು ಚೂಪಾಗಿರಲಿಲ್ಲ.

ತಗ್ಗು ಕಂಡ ಮೇಲೆ ಮೊದಲ ಕೆಲಸ ಯಾವುದು ಅನ್ನುವುದು ತೀರ್ಮಾನವಾಯಿತು. ಸೀಟ್‌ಪೋಸ್ಟಿನ ಜೊತೆ ಗುದ್ದಾಡುವ ಮುಂಚೆ ಫ್ರೇಮಿನಲ್ಲಿ ಬಿರುಕಿದೆಯೋ ಇಲ್ಲವೋ ಗೊತ್ತಾಗಬೇಕು. ಉಕ್ಕಿಗೆ ಒಂದು ಮಿತಿ ಇದೆ, ಅದರೊಳಗೆ ಎಷ್ಟು ಸಲ ಬಾಗಿಸಿದರೂ ದಣಿಯುವುದಿಲ್ಲ. ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ, ಸಣ್ಣ ಸಣ್ಣ ಪೆಟ್ಟೂ ಲೆಕ್ಕಕ್ಕೆ ಸೇರುತ್ತಾ ಹೋಗುತ್ತದೆ. ಬಿರುಕು ಬಿಡುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ: ಹ್ಯಾಂಡಲ್ಲಿನ ಕೆಳಗಿನ ಹೆಡ್ ಟ್ಯೂಬಿಗೆ ಡೌನ್ ಟ್ಯೂಬು ಸೇರುವಲ್ಲಿ ಕೆಳಬದಿ, ಸೀಟ್ ಟ್ಯೂಬಿನ ಬಾಯಲ್ಲಿರುವ ಸೀಳಿನ ತುದಿ, ಬಿ.ಬಿ. (ಬಾಟಮ್ ಬ್ರಾಕೆಟ್, ಪೆಡಲ್ ತಿರುಗುವ ಬೇರಿಂಗ್ ಕೂರುವ ಜಾಗ) ಹಿಂದೆ ಚೈನ್‌ಸ್ಟೇ, ಡ್ರಾಪ್‌ಔಟಿನ ಬೆಸುಗೆ.

ಶಿವಮೊಗ್ಗದಲ್ಲಿ ಇರುವುದರ ಒಂದು ಲಾಭ ಅಂದರೆ ಫೌಂಡ್ರಿಗಳು. ಎರಕದ ಸಾಮಾನಿನಲ್ಲಿ ಬಿರುಕು ಹುಡುಕಲು ಅವರು ಡಿ.ಪಿ. (ಡೈ ಪೆನೆಟ್ರೆಂಟ್) ಟೆಸ್ಟ್ ಅಂತ ಮಾಡುತ್ತಾರೆ. ಮೂರು ಸ್ಪ್ರೇ ಡಬ್ಬಿಗಳ ಕೆಲಸ. ಮಾಚೇನಹಳ್ಳಿಯಲ್ಲಿ ಕೆಲಸ ಮಾಡುವ ಗೆಳೆಯನೊಬ್ಬ ಅರ್ಧ ಖಾಲಿಯಾದ ಸೆಟ್ಟು ಕೊಟ್ಟ. ಬಣ್ಣದ ಮೇಲೆ ಈ ಟೆಸ್ಟು ನಡೆಯಲ್ಲ, ಹಾಗಾಗಿ ಅನುಮಾನದ ಜಾಗಗಳಲ್ಲಿ ಪೇಂಟ್ ರಿಮೂವರ್ ಹಚ್ಚಿ ಬೆಳ್ಳಿ ಬಣ್ಣದ ಲೋಹ ಕಾಣುವವರೆಗೆ ತೆಗೆದೆ. ಕೆಂಪು ದ್ರವ ಸಿಂಪಡಿಸಿ ಸ್ವಲ್ಪ ಹೊತ್ತು ಬಿಡಬೇಕು, ಬಿರುಕಿದ್ದರೆ ಒಳಗೆ ಇಳಿಯುತ್ತೆ. ಆಮೇಲೆ ಮೇಲಿನದನ್ನು ಒರೆಸಬೇಕು. ಕ್ಲೀನರನ್ನು ನೇರ ಫ್ರೇಮಿಗೆ ಹೊಡೆಯಬಾರದು, ಬಟ್ಟೆಗೆ ಹೊಡೆದು ಒರೆಸಬೇಕು. ನೇರ ಹೊಡೆದರೆ ಬಿರುಕಿನೊಳಗಿನ ಕೆಂಪೂ ತೊಳೆದು ಹೋಗಿ ಎಲ್ಲ ಸರಿ ಇದೆ ಅಂತ ತೋರಿಸುತ್ತೆ. ಕೊನೆಗೆ ಸುಣ್ಣದಂಥ ಬಿಳಿ ಡೆವಲಪರ್. ಹೆಡ್ ಟ್ಯೂಬು ಬೆಳ್ಳಗೇ ಉಳಿಯಿತು. ಬಿ.ಬಿ. ಹಿಂದೆಯೂ ಏನಿಲ್ಲ. ಸೀಟ್ ಟ್ಯೂಬಿನ ಸೀಳಿನ ತುದಿಯಲ್ಲಿ ಮಾತ್ರ ಒಂದು ತೆಳು ಕೆಂಪು ಗೆರೆ ನಿಧಾನಕ್ಕೆ ಎದ್ದಿತು. ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಬಣ್ಣ ಪೂರ್ತಿ ಹೋಗಿರಲಿಲ್ಲ, ಅದರ ಅಂಚಿನಲ್ಲಿ ಕೆಂಪು ಕೂತಿತ್ತು. ಕೆರೆದು ಮತ್ತೆ ಮಾಡಿದಾಗ ಗೆರೆ ಮಾಯ.

ಬಿರುಕು ಸಿಕ್ಕಿದ್ದರೆ? ಆರ್ಗಾನ್ ವೆಲ್ಡಿಂಗ್ ಮಾಡಿಸಿ ಅಂತ ಸುಮಾರು ಜನ ಹೇಳುತ್ತಾರೆ. ಅಲ್ಯೂಮಿನಿಯಂ ಬೆಸೆಯುವ ಒಳ್ಳೆ ಕೈಗಳು ಊರಲ್ಲೇ ಇವೆ, ಅದು ಸಮಸ್ಯೆಯಲ್ಲ. ಬೆಸೆದ ಜಾಗದ ಅಕ್ಕಪಕ್ಕ ಟಿ6 ಗಟ್ಟಿತನ ಹೋಗಿ ಲೋಹ ಮೆತ್ತಗಾಗುತ್ತದೆ. ಕಾರ್ಖಾನೆಯಲ್ಲಾದರೆ ಬೆಸುಗೆಯಾದ ಮೇಲೆ ಇಡೀ ಫ್ರೇಮನ್ನು ಮತ್ತೆ ಕಾಯಿಸಿ ತಣಿಸುತ್ತಾರೆ. ನಾವು ಅಷ್ಟು ದೊಡ್ಡ ಕುಲುಮೆಯನ್ನೂ ಫ್ರೇಮು ಸೊಟ್ಟಗಾಗದಂತೆ ಹಿಡಿಯುವ ಚೌಕಟ್ಟನ್ನೂ ಎಲ್ಲಿಂದ ತರೋಣ? 6061 ಫ್ರೇಮಿನ ಮುಖ್ಯ ಬೆಸುಗೆ ಬಿರುಕು ಬಿಟ್ಟರೆ ಅದು ಗುಜರಿಗೆ ಅನ್ನುವುದೇ ನನ್ನ ಲೆಕ್ಕ. ಇಳಿಜಾರಿನಲ್ಲಿ ಹೆಡ್ ಟ್ಯೂಬು ಕಳಚಿಕೊಂಡರೆ ಮುಖಕ್ಕೆ ಬೆಸುಗೆ ಹಾಕಿಸಬೇಕಾಗುತ್ತೆ.

ಸೀಟ್‌ಪೋಸ್ಟು

ಕೊಳವೆಯೂ ಅಲ್ಯೂಮಿನಿಯಂ, ಪೋಸ್ಟೂ ಅಲ್ಯೂಮಿನಿಯಂ. ನಡುವೆ ನೀರು ಮತ್ತು ಬೆವರಿನ ಉಪ್ಪು. ಸೀಟ್ ಟ್ಯೂಬಿನ ಬಾಯಿಯ ಸೀಳು ಹಿಂದಕ್ಕೆ ಮುಖ ಮಾಡಿರುವುದರಿಂದ ಹಿಂದಿನ ಚಕ್ರ ಎರಚುವ ಕೆಸರೆಲ್ಲ ನೇರ ಒಳಕ್ಕೇ. ಅಲ್ಯೂಮಿನಿಯಂ ಆಕ್ಸೈಡ್ ಆದಾಗ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕೂದಲೆಳೆಯ ಸಂದಿಯಲ್ಲಿ ಆ ಬಿಳಿ ಪುಡಿ ಉಬ್ಬಿ ಕೂತರೆ ಪೋಸ್ಟು ಅಲ್ಲೇ ಜಾಮ್.

ಮೊದಲು ಬಿ.ಬಿ. ಬಿಚ್ಚಿದೆ, ಕೆಳಗಿನಿಂದ ದಾರಿ ಬೇಕಿತ್ತು. ಇದು ಬೇರಿಂಗ್ ಎಲ್ಲ ಒಂದೇ ಡಬ್ಬಿಯಲ್ಲಿರುವ ಕಾರ್ಟ್ರಿಜ್ ಬಿ.ಬಿ., ಪೆಡಲ್ಲಿನ ತೋಳು ಎಳೆದು ತೆಗೆಯುವ ಕ್ರ್ಯಾಂಕ್ ಪುಲ್ಲರೂ 20 ಹಲ್ಲಿನ ಶಿಮಾನೊ ಟೂಲೂ ಇಲ್ಲದೆ ಬರಲ್ಲ. ಚೈನ್ ಇರುವ ಬದಿಯದು ಉಲ್ಟಾ ಥ್ರೆಡ್ಡು, ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತೆ. ನಮ್ಮ ಬೀದಿಯ ಸೈಕಲ್ ಶಾಪಿನಲ್ಲಿ ಕಾಟರ್ ಪಿನ್ ಬಡಿದು, ಬಾಲ್ಸು ಎಣಿಸಿ ಹಾಕುವ ಕೆಲಸವನ್ನು ಕಣ್ಣು ಮುಚ್ಚಿ ಮಾಡುತ್ತಾರೆ. ಈ ಟೂಲು ಅವರಲ್ಲಿಲ್ಲ, ಆನ್‌ಲೈನ್ ತರಿಸಿಕೊಂಡೆ. ಫ್ರೇಮನ್ನು ತಲೆಕೆಳಗು ಮಾಡಿ, ಪೋಸ್ಟಿನ ಮೇಲ್ತುದಿಗೆ ರಬ್ಬರ್ ಬಿರಡೆ ಒತ್ತಿ, ಬಿ.ಬಿ. ತೂತಿನಿಂದ ತುಕ್ಕು ಬಿಡಿಸುವ ಎಣ್ಣೆ ಸುರಿದು ಬಿಟ್ಟೆ. ದಿನಾ ಬೆಳಿಗ್ಗೆ ಸ್ವಲ್ಪ ಸೇರಿಸುವುದು, ಮರದ ಸುತ್ತಿಗೆಯಲ್ಲಿ ಪೋಸ್ಟಿಗೆ ನಾಲ್ಕು ಪೆಟ್ಟು ಕೊಡುವುದು. ವಾರ ಕಳೆದ ಮೇಲೆ ಲೇತ್ ಆಚಾರ್ರ ವರ್ಕ್‌ಶಾಪಿಗೆ ಒಯ್ದೆ. ಪೋಸ್ಟಿನ ತಲೆಯನ್ನು ವೈಸಿಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿಕೆ ಮಾಡಿಕೊಂಡು ಇಬ್ಬರೂ ತಿರುಗಿಸಿದೆವು. ಮಿಸುಕಲಿಲ್ಲ.

"ಗ್ಯಾಸ್ ಹಿಡಿಯೋಣ ಬಿಡಿ, ಎರಡು ನಿಮಿಷದ ಕೆಲಸ" ಅಂದರು ಆಚಾರ್ರು.

"ಬೇಡ ಆಚಾರ್ರೇ, ಇನ್ನೂರು ಡಿಗ್ರಿ ದಾಟಿದರೆ ಫ್ರೇಮು ಮೆತ್ತಗಾಗ್ತದೆ."

"ಹಂಗಾರೆ ಕಾಸ್ಟಿಕ್ ಸೋಡಾ?"

ಕಾಸ್ಟಿಕ್ ಸೋಡಾ ಅಲ್ಯೂಮಿನಿಯಂ ತಿನ್ನುತ್ತದೆ ನಿಜ. ಉಕ್ಕಿನ ಫ್ರೇಮಿನಲ್ಲಿ ಅಲ್ಯೂಮಿನಿಯಂ ಪೋಸ್ಟು ಸಿಕ್ಕಿಕೊಂಡಾಗ ಅದನ್ನು ಬಳಸುವವರಿದ್ದಾರೆ. ಇಲ್ಲಿ ಎರಡೂ ಒಂದೇ ಲೋಹ, ಅದಕ್ಕೆ ಯಾವುದನ್ನು ಬಿಡಬೇಕು ಅಂತ ಗೊತ್ತಾಗಲ್ಲ. ಮೇಲಾಗಿ ಹೈಡ್ರೋಜನ್ ಅನಿಲ ಏಳುತ್ತೆ. ವೈಸಿನಲ್ಲಿ ಇನ್ನೂ ಬಲ ಹಾಕಿದರೆ ಪೋಸ್ಟಿನ ಬದಲು ಸೀಟ್ ಟ್ಯೂಬೇ ತಿರುಚಿಕೊಳ್ಳುತ್ತೆ. ಉಳಿದದ್ದು ಹ್ಯಾಕ್ಸಾ ಬ್ಲೇಡು.

ಪೋಸ್ಟನ್ನು ಫ್ರೇಮಿನಿಂದ ಮೂರು ಬೆರಳು ಮೇಲೆ ಕತ್ತರಿಸಿ ಹಾಕಿದೆ. ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಹಲ್ಲುಗಳು ನನ್ನ ಕಡೆ ಎಳೆಯುವಾಗ ಕಡಿಯುವ ಹಾಗೆ ತಿರುಗಿಸಿ, ಪೋಸ್ಟಿನ ಒಳಗೆ ಇಳಿಸಿ ಉದ್ದಕ್ಕೆ ಸೀಳುವುದು. ಗೋಡೆ ಎರಡು ಮಿ.ಮೀ. ಚಿಲ್ಲರೆ. ಅದು ಮುಗಿದ ಕೂಡಲೇ ಫ್ರೇಮು ಶುರು. ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಉದುರುವ ಪುಡಿಯೇ ಹೇಳುತ್ತದೆ. ಪೋಸ್ಟು ಕಡಿಯುತ್ತಿರುವಷ್ಟು ಹೊತ್ತು ಹೊಳೆಯುವ ಚೂರು ಬೀಳುತ್ತಿರುತ್ತೆ. ಹೊರಮೈ ಹತ್ತಿರವಾದಾಗ ಕಪ್ಪು ಆನೊಡೈಸ್ ಪದರದ ಪುಡಿ ಒಂದಿಷ್ಟು. ಅದರ ಹಿಂದೆಯೇ ಮಂಕು ಬಿಳಿ ಹಿಟ್ಟು, ಅದು ಆಕ್ಸೈಡು. ಬಿಳಿ ಕಂಡ ಜಾಗದಲ್ಲಿ ಮುಂದಕ್ಕೆ ಕಡಿಯಬಾರದು, ಬ್ಲೇಡನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕು. ಕೆಳಗಿನಿಂದ ಟಾರ್ಚ್ ಹಾಕಿ, ಮೇಲಿನಿಂದ ಬಗ್ಗಿ ನೋಡಿ, ಬ್ಲೇಡು ಬದಲಿಸಿ, ಚಹಾ ಕುಡಿದು, ಮತ್ತೆ. ಒಳಗೆ ಹನ್ನೆರಡು ಸೆಂ.ಮೀ. ಇತ್ತು. ಒಂದು ಸೀಳಿಗೆ ಪೋಸ್ಟು ಸಡಿಲಾಗಲಿಲ್ಲ, ಬೆರಳಗಲ ಪಕ್ಕದಲ್ಲಿ ಎರಡನೆಯದು ಬೇಕಾಯಿತು. ನಡುವಿನ ಪಟ್ಟಿಯನ್ನು ಮೂತಿ ಇಕ್ಕಳದಲ್ಲಿ ಹಿಡಿದು ಒಳಕ್ಕೆ ಮಡಚಿದಾಗ ಕರ್ ಅಂದಿತು. ಆಮೇಲೆ ಉಳಿದ ಸುರುಳಿಯನ್ನು ತಿರುಗಿಸಿ ಎಳೆದರೆ ಬಂದೇ ಬಂತು, ಮೈತುಂಬ ಬಿಳಿ ಹಿಟ್ಟು ಮೆತ್ತಿಕೊಂಡು.

ಕೋಲಿಗೆ ಮರಳು ಕಾಗದ ಸುತ್ತಿ ಒಳಗೆ ಉಜ್ಜಿ, ವರ್ನಿಯರ್ ಹಾಕಿ ನೋಡಿದೆ: 27.2. ಹೊಸ ಪೋಸ್ಟಿಗೆ ಎಪಿ3 ಗ್ರೀಸು ಹಚ್ಚಿ ಇಳಿಸಿದೆ. ಅಂಗಡಿಯ ಲಿಥಿಯಂ ಗ್ರೀಸೇ ಸಾಕು, ತಿಂಗಳಿಗೊಮ್ಮೆ ತೆಗೆದು ಒರೆಸಿ ಮತ್ತೆ ಹಚ್ಚುವುದು ಮುಖ್ಯ. ಬಾಯಿಯ ಸೀಳು ಮುಚ್ಚಲು ಹಳೇ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿ ಕ್ಲಾಂಪಿನ ಮೇಲೆ ಏರಿಸಿದ್ದೇನೆ. ಬಾಟಲಿ ಕೇಜಿನ ಉಕ್ಕಿನ ಬೋಲ್ಟುಗಳಿಗೂ ಬಿ.ಬಿ.ಯ ಥ್ರೆಡ್ಡಿಗೂ ಅದೇ ಗ್ರೀಸು. ಉಕ್ಕು ಅಲ್ಯೂಮಿನಿಯಂ ಒಟ್ಟಿಗಿದ್ದು ನೀರು ಸೇರಿದರೆ ಸವೆಯುವುದು ಅಲ್ಯೂಮಿನಿಯಮ್ಮೇ.

ಗೇರು

ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಹಿಂದಿನ ಡಿರೇಲರ್ ಚಕ್ರದ ಕಡೆಗೆ ವಾಲಿತ್ತು. ದೊಡ್ಡ ಹಲ್ಲಿಗೆ ಹಾಕಿದಾಗ ಸ್ಪೋಕಿಗೆ ತಾಗಿ ಟಿಕ್ ಟಿಕ್. ಡಿರೇಲರ್ ನೇತಾಡುವ ಹ್ಯಾಂಗರ್ ಅನ್ನುವ ತುಂಡನ್ನು ಬೇಕಂತಲೇ ಮೆತ್ತನೆ ಅಲ್ಯೂಮಿನಿಯಂನಲ್ಲಿ ಮಾಡಿರುತ್ತಾರೆ. ಸೈಕಲ್ಲು ಬಲಕ್ಕೆ ಬಿದ್ದರೆ ಅದು ಬಗ್ಗಿ ಫ್ರೇಮನ್ನು ಉಳಿಸಲಿ ಅಂತ. ಅದರ ಥ್ರೆಡ್ಡು 10 ಮಿ.ಮೀ., ಪಿಚ್ಚು 1. ಶಿಮಾನೊ ಹಿಂದಿನ ಹಬ್ಬಿನ ಎಕ್ಸೆಲ್ಲಿನದೂ ಅದೇ ಅಳತೆ. ಹಾಗಾಗಿ ದುಬಾರಿ ಗೇಜು ಬೇಕಿಲ್ಲ, ಇನ್ನೊಂದು ಹಿಂದಿನ ಚಕ್ರದ ಎಕ್ಸೆಲ್ಲನ್ನು ನೇರ ಹ್ಯಾಂಗರಿಗೆ ತಿರುಗಿಸಿದರೆ ಎರಡು ಚಕ್ರ ಅಕ್ಕಪಕ್ಕ ನಿಲ್ಲುತ್ತವೆ. ಮೇಲೆ, ಕೆಳಗೆ, ಹಿಂದೆ, ಮುಂದೆ ರಿಮ್ಮುಗಳ ಅಂತರ ಒಂದೇ ಇರಬೇಕು, ನಾಲ್ಕು ಮಿ.ಮೀ. ಒಳಗಿನ ವ್ಯತ್ಯಾಸ ನಡೆಯುತ್ತೆ. ನನ್ನದರಲ್ಲಿ ಕೆಳಗಿನ ಅಂತರ ಮೇಲಿನದಕ್ಕಿಂತ ಎರಡು ಬೆರಳು ಕಡಿಮೆ. ಅದೇ ಚಕ್ರವನ್ನು ಹಿಡಿದು ನಿಧಾನಕ್ಕೆ ಹೊರಕ್ಕೆ ಒತ್ತಿ ಸರಿ ಮಾಡಿದೆ. ಇದನ್ನು ಪದೇ ಪದೇ ಮಾಡಿದರೆ ತುಂಡಾಗುತ್ತೆ, ಅದೇ ಆಕಾರದ ಇನ್ನೊಂದು ತರಿಸಿ ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟಿದ್ದೇನೆ. ಹ್ಯಾಂಗರಿನಲ್ಲಿ ನಮೂನೆಗಳು ಲೆಕ್ಕವಿಲ್ಲದಷ್ಟು, ತೂತುಗಳ ಜಾಗ ಹೊಂದಿಸಿ ನೋಡಿಯೇ ಕೊಳ್ಳಬೇಕು. ಕಾಡಿನ ನಡುವೆ ಮುರಿದರೆ ಯಾವ ಅಂಗಡಿಯಲ್ಲೂ ಸಿಗಲ್ಲ.

ಮುಂದೆ ಪೆಡಲ್ಲಿನ ಬಳಿಯ ಮೂರು ಹಲ್ಲುಚಕ್ರಗಳಲ್ಲಿ 42 ಹಲ್ಲಿನದು ಮಲೆನಾಡಿನಲ್ಲಿ ದಂಡ. ಅದನ್ನು ಬಳಸುವಷ್ಟು ನೇರ, ಸಪಾಟು ರಸ್ತೆ ಹುಡುಕಿಕೊಂಡು ನಾನು ಹೋಗುವುದೂ ಇಲ್ಲ. ಈಗ ಎಲ್ಲರೂ ಮುಂದೆ ಒಂದೇ ಹಲ್ಲುಚಕ್ರ ಹಾಕುತ್ತಾರೆ. ಆದರೆ ಹಿಂದೆ 11-32 ಕ್ಯಾಸೆಟ್ಟು (11ರಿಂದ 32 ಹಲ್ಲಿನವರೆಗಿನ ಹಲ್ಲುಚಕ್ರಗಳ ಗೊಂಚಲು) ಇಟ್ಟುಕೊಂಡು ಮುಂದೆ 32 ಒಂದನ್ನೇ ಉಳಿಸಿದರೆ ಏರಿನಲ್ಲಿ ಮಂಡಿ ಕೇಳಲ್ಲ. 22 ಹಲ್ಲಿನ ಚಿಕ್ಕದು ಬೇಕೇ ಬೇಕು. 22ಕ್ಕೆ 32 ಹಾಕಿದಾಗ ಒಂದು ಸುತ್ತು ಪೆಡಲಿಗೆ ಸೈಕಲ್ಲು ಸುಮಾರು 1.4 ಮೀಟರ್ ಮುಂದೆ ಹೋಗುತ್ತೆ, ನಡೆಯುವವರ ಜೊತೆ ಮಾತಾಡುತ್ತಾ ಹತ್ತಬಹುದು. 42ರದ್ದನ್ನು ಆಚಾರ್ರಿಗೆ ಕೊಟ್ಟು ಹಲ್ಲೆಲ್ಲ ಲೇತಿನಲ್ಲಿ ತೆಗೆಸಿದೆ. "ಎಲ್ಲರೂ ಹಲ್ಲು ಕಟ್ಟಿಸಕ್ಕೆ ಬರ್ತಾರೆ, ನೀವು ಕೀಳ್ಸಕ್ಕೆ ಬಂದ್ರಿ" ಅಂದರು. ಬೋಳಾದ ಆ ಬಳೆಯನ್ನೇ ಹೊರಗಡೆ ಗಾರ್ಡಾಗಿ ಹಾಕಿದೆ. ಬೋಲ್ಟು ಬದಲಿಸಬೇಕಾಗಲಿಲ್ಲ, ಕಲ್ಲು ತಾಗಿದರೆ ಮೊದಲ ಪೆಟ್ಟು ಅದಕ್ಕೆ, ಪ್ಯಾಂಟೂ ಹರಿಯಲ್ಲ. ಮುಂದಿನ ಡಿರೇಲರಿನ ಹೊರ ಸ್ಕ್ರೂ ಬಿಗಿದರೆ ಚೈನು 32ರಿಂದ ಆಚೆ ಹೋಗಲ್ಲ. ಚೈನು ಹೇಗೂ ಹೊಸದು. ಹಳೆಯದರಲ್ಲಿ ಹನ್ನೆರಡು ಇಂಚು ಇರಬೇಕಾದಲ್ಲಿ ಹನ್ನೆರಡೂ ಕಾಲು ಇತ್ತು, ಅಂದರೆ ಕ್ಯಾಸೆಟ್ಟೂ ಹೋಗಿತ್ತು.

ಫೋರ್ಕನ್ನು ಬದಲಿಸಲಿಲ್ಲ. ತೂಗಿದರೆ 2.3 ಕೆ.ಜಿ., ಇಡೀ ಸೈಕಲ್ಲಿನಲ್ಲಿ ಅತಿ ಭಾರದ ಬಿಡಿಭಾಗ ಅದೇ. ಗಾಳಿಯ ಫೋರ್ಕು ತಂದರೆ ಮುಕ್ಕಾಲು ಕೆ.ಜಿ. ಉಳಿಯಬಹುದು, ಆದರೆ ಅದರ ಬೆಲೆಗೆ ಇಂಥವೇ ಎರಡು ಹಳೇ ಸೈಕಲ್ಲು ಬರುತ್ತವೆ. ಕೆಳಗಿನ ಕಾಲುಗಳನ್ನು ಬಿಚ್ಚಿ, ಕಪ್ಪು ಕೆಸರಾಗಿದ್ದ ಗ್ರೀಸು ಒರೆಸಿ, ಹೊಸದು ತುಂಬಿದೆ. ಗೆಳೆಯರೊಬ್ಬರು 120 ಮಿ.ಮೀ. ಫೋರ್ಕು ಕೊಡುತ್ತೇನೆ ಅಂದರು, ಬೇಡ ಅಂದೆ. 80ಕ್ಕೆ ಮಾಡಿದ ಫ್ರೇಮಿಗೆ ಉದ್ದ ಫೋರ್ಕು ಹಾಕಿದರೆ ಹ್ಯಾಂಡಲ್ಲಿನ ಕೋನ ಎರಡು ಡಿಗ್ರಿ ಮಲಗುತ್ತೆ, ಆ ಉದ್ದದ ಸನ್ನೆಯ ಬಲವೆಲ್ಲ ಹೆಡ್ ಟ್ಯೂಬಿನ ಕೆಳಗಿನ ಬೆಸುಗೆಗೆ. ಬ್ರೇಕುಗಳಿಗೆ ಪ್ಯಾಡು, ಕೇಬಲ್ಲು ಹೊಸದು, ಅಷ್ಟೇ. ಜಂಬಿಟ್ಟಿಗೆಯ ಕೆಂಪು ಮಣ್ಣು ಪ್ಯಾಡಿಗೂ ರಿಮ್ಮಿಗೂ ಮಧ್ಯೆ ಸೇರಿ ಉಜ್ಜುತ್ತೆ. ಮಳೆಗಾಲದಲ್ಲಿ ಪ್ರತಿ ಸಲ ತೊಳೆಯದಿದ್ದರೆ ರಿಮ್ಮಿನ ಗೋಡೆಯೇ ಸವೆಯುತ್ತೆ.

26 ಇಂಚಿನ ಟೈರು ಎಲ್ಲಿ ಸಿಗುತ್ತೆ ಅಂತ ಬೆಂಗಳೂರಿನವರು ಕೇಳುತ್ತಾರೆ. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಪುರುಷರ ಕ್ರಾಸ್ ಕಂಟ್ರಿ ಚಿನ್ನ 29 ಇಂಚಿನ ಚಕ್ರಕ್ಕೆ, ಬೆಳ್ಳಿ 27.5ಕ್ಕೆ ಹೋದ ಮೇಲೆ ದುಬಾರಿ ಸೈಕಲ್ಲುಗಳಲ್ಲಿ 26ರ ಕಾಲ ಮುಗಿಯಿತು, ನಿಜ. ಆದರೆ ಶಾಲೆ ಹುಡುಗರ ಗೇರ್ ಸೈಕಲ್ಲುಗಳ ದೆಸೆಯಿಂದ ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ 26 ಇಂಚಿನ ದಪ್ಪ ಟೈರು ನೇತಾಡುತ್ತಿರುತ್ತೆ. ಕೊಳ್ಳುವಾಗ ಬದಿಯಲ್ಲಿ 559 (ರಿಮ್ಮಿನ ಅಳತೆ, ಮಿ.ಮೀ.ನಲ್ಲಿ) ಅಂತ ಇದೆಯಾ ನೋಡಿ. 26 ಇಂಟು 1 3/8 ಅನ್ನುವುದು 590, ಅದು ಬೇರೆ ರಿಮ್ಮಿನದು. ನಾನು ಮಡಚುವ ನಮೂನೆಯ 2.1 ತರಿಸಿದೆ, ಎರಡರಿಂದ 440 ಗ್ರಾಂ ಇಳಿಯಿತು. ಖರ್ಚು ಮಾಡಿ ತೂಕ ಇಳಿಸುವುದಾದರೆ ಮೊದಲು ಇಲ್ಲೇ. ತಿರುಗುವ ಅಂಚಿನಲ್ಲಿ ಇಳಿದ ಗ್ರಾಮು ಪ್ರತಿ ಸಲ ವೇಗ ಹೆಚ್ಚಿಸುವಾಗಲೂ ಕಾಲಿಗೆ ಗೊತ್ತಾಗುತ್ತೆ.

ಸ್ಟ್ಯಾಂಡು ಕ್ಯಾರಿಯರು ಎರಡೇ 1.2 ಕೆ.ಜಿ. ಇದ್ದವು, ಅದು ಪುಕ್ಕಟೆ ಇಳಿಕೆ. ಮೆತ್ತೆಯಂಥ ಜೆಲ್ ಸೀಟು ಹೋಗಿ ಸಾದಾ ಸೀಟು ಬಂದು ಇನ್ನಷ್ಟು. ಈಗ ತಕ್ಕಡಿ 12.4 ತೋರಿಸುತ್ತೆ. ಹನ್ನೊಂದಕ್ಕೆ ಇಳಿಸುವ ಆಸೆ ನನಗಿಲ್ಲ, ಅಲ್ಲಿಂದ ಮುಂದೆ ಪ್ರತಿ ನೂರು ಗ್ರಾಮಿಗೂ ಸಾವಿರಗಟ್ಟಲೆ ಬೇಕು.

ಕುಂದಾದ್ರಿ ಹತ್ತಿ ನೋಡಿದೆ. ಕೊನೆಯ ತಿರುವುಗಳ ಕಡಿದಾದ ಏರಿನಲ್ಲಿ 22-32 ಕೆಲಸ ಮಾಡಿತು, ನಿಂತು ತುಳಿದರೂ ಬಿ.ಬಿ. ಕಡೆ ಸದ್ದಿಲ್ಲ. ಫ್ರೇಮು ಬಾಗದೆ ಕಾಲಿನ ಬಲವನ್ನೆಲ್ಲ ಹಿಂದಿನ ಚಕ್ರಕ್ಕೆ ಒಯ್ಯುವುದು ಏರಿನಲ್ಲಿ ಚೆನ್ನಾಗಿ ಗೊತ್ತಾಗುತ್ತೆ. ತೋಟದ ದಾರಿಯ ಬೇರು, ಕಲ್ಲುಗಳಲ್ಲಿ ಅದೇ ಗುಣ ಬೆನ್ನಿಗೆ ಗೊತ್ತಾಗುತ್ತೆ. ಅದಕ್ಕೆ ಅಲ್ಯೂಮಿನಿಯಂ ಬೈಯುವವರು ಮೊದಲು ಗಾಳಿ ಇಳಿಸಲಿ. ಪೆಟ್ರೋಲ್ ಬಂಕಿನಲ್ಲಿ 50 ಪಿಎಸ್‌ಐ ಹೊಡೆಸಿಕೊಂಡು ಬಂದು ಫ್ರೇಮು ಕುಲುಕುತ್ತೆ ಅಂದರೆ ಆಗಲ್ಲ. ನನ್ನ 70 ಕೆ.ಜಿ.ಗೆ ಮುಂದೆ 30, ಹಿಂದೆ 34 ಸರಿ ಹೊಂದಿದೆ. ಇನ್ನೂ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಜೋಡಿ ತೂತು ಬೀಳುತ್ತೆ.

ಹಿಂದಿನ ಚಕ್ರದ ಔಟ್ (ಅತ್ತಿತ್ತ ವಾಲಾಟ) ಇನ್ನೂ ಪೂರ್ತಿ ಹೋಗಿಲ್ಲ. ಬಲಬದಿಯ ಒಂದೆರಡು ಸ್ಪೋಕಿನ ನಿಪ್ಪಲ್ಲು ಜಾಮ್ ಆಗಿವೆ, ಅವಕ್ಕೂ ದಿನಾ ಒಂದು ತೊಟ್ಟು ಎಣ್ಣೆ ಬಿಡುತ್ತಿದ್ದೇನೆ. ತಿರುಗಲಿಲ್ಲ ಅಂದರೆ ಆ ಸ್ಪೋಕು ಕತ್ತರಿಸಿ ಹೊಸದು ಹಾಕಿಸಬೇಕು.